ಗಂಡನ ಮನೆಯವರ ಲಾಯಲಿಸ್ಟ್ ವಂಶಾವಳಿ: 1812ರಲ್ಲಿ ಹುಟ್ಟಿದವರ ಅಪ್ಪ ಯಾರು ಅಂತ ತಿಳಿಯುವುದು ಹೇಗೆ?

ಬೆಲ್‌ವಿಲ್ ಸೊಸೆ:
ಎಲ್ಲರಿಗೂ ನಮಸ್ಕಾರ. ನಾನು ಸಾಗರದ ಕಡೆಯವಳು. ಮದುವೆಯಾಗಿ ಬಂದು ಒಂಟಾರಿಯೊದ ಬೆಲ್‌ವಿಲ್‌ನಲ್ಲಿದ್ದೇನೆ. ಗಂಡ ಇಲ್ಲಿಯವರೇ. ಅವರ ಅಜ್ಜಿಗೆ ಈಗ 88 ವರ್ಷ, ಕಿವಿ ಸ್ವಲ್ಪ ಮಂದ, ನೆನಪು ಮಾತ್ರ ಗಟ್ಟಿ. ತಮ್ಮ ತವರು ಲಾಯಲಿಸ್ಟ್ ಮನೆತನ ಅನ್ನುವುದಕ್ಕೆ ಯುನೈಟೆಡ್ ಎಂಪೈರ್ ಲಾಯಲಿಸ್ಟ್ಸ್ ಅಸೋಸಿಯೇಷನ್‌ನ ಪ್ರಮಾಣಪತ್ರ ಪಡೆಯಬೇಕು ಅಂತ ಅಜ್ಜಿಗೆ ಬಹಳ ಆಸೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟಿಷ್ ರಾಜನ ಪಕ್ಷ ಹಿಡಿದು, ಸೋತ ಮೇಲೆ ಮನೆ ಜಮೀನು ಎಲ್ಲಾ ಬಿಟ್ಟು ಕೆನಡಾಕ್ಕೆ ಬಂದವರನ್ನು ಲಾಯಲಿಸ್ಟ್ ಅನ್ನುತ್ತಾರೆ.

ಮನೆಯಲ್ಲಿ ಹೇಳಿಕೊಂಡು ಬಂದಿದ್ದು ಇಷ್ಟು. ನಾವು ಡಚ್ ಜನ, ನ್ಯೂಯಾರ್ಕ್ ಕಡೆಯಿಂದ ಮೂವರು ಅಣ್ಣತಮ್ಮಂದಿರು ಬಂದರು, 1784ರಲ್ಲಿ ಅರ್ನೆಸ್ಟ್‌ಟೌನ್‌ನಲ್ಲಿ ಜಮೀನು ಸಿಕ್ಕಿತು. ಕಾಗದ ಇರುವುದು ಇಷ್ಟಕ್ಕೆ: ಅಜ್ಜಿಯ ಅಪ್ಪ ಹುಟ್ಟಿದ್ದು 1905, ಅವರ ಅಪ್ಪ 1878, ಅವರ ಅಪ್ಪ 1845, ಅವರ ಅಪ್ಪ 1812. ಅಲ್ಲಿಗೆ ನಿಂತುಹೋಯಿತು. 1812ರವರ ಅಪ್ಪ ಯಾರು ಅನ್ನುವುದಕ್ಕೆ ಏನೂ ಇಲ್ಲ. ಅಂತರ್ಜಾಲದಲ್ಲಿ ಯಾರೋ ಮಾಡಿಟ್ಟ ವಂಶವೃಕ್ಷದಲ್ಲಿ ಅಪ್ಪನ ಹೆಸರು ಇದೆ, ಅದನ್ನೇ ನಂಬಿ ನಾವು ಅರ್ಜಿ ಹಾಕಿದೆವು. ಪರಿಶೀಲಿಸಿದವರು ವಾಪಸ್ ಕಳಿಸಿದರು. ಆ ಕಾಲಕ್ಕೆ ಅದೇ ಊರಲ್ಲಿ ಅದೇ ಹೆಸರಿನವರು ಮೂವರು ಇದ್ದಾರೆ, ನಿಮ್ಮವರು ಯಾರು ಅಂತ ತೋರಿಸಿ ಅಂದರು. ಅಜ್ಜಿ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಯಾರಾದರೂ ದಾರಿ ಹೇಳಿ.

ಟೊರಾಂಟೊ ರಘು:
ಡಿಎನ್‌ಎ ಟೆಸ್ಟ್ ಮಾಡಿಸಿ ಮೇಡಂ. ಒಂದು ತಿಂಗಳಲ್ಲಿ ಗೊತ್ತಾಗುತ್ತೆ.

ಹಳೇ ಕಡತ:
ರಘು ಅವರೇ, ಅಷ್ಟು ಸುಲಭ ಅಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಬೆಲ್‌ವಿಲ್ ಸೊಸೆ ಅವರೇ, ಮೊದಲು ಒಂದು ತಿದ್ದುಪಡಿ. ನ್ಯೂಯಾರ್ಕ್ ಕಡೆಯಿಂದ ಬಂದ ಎಷ್ಟೋ ಮನೆತನಗಳು ತಾವು ಡಚ್ ಅಂದುಕೊಂಡಿವೆ, ಆದರೆ ಮೂಲ ಜರ್ಮನ್. ಜರ್ಮನರು ತಮ್ಮನ್ನು ಡಾಯ್ಚ್ ಅಂದುಕೊಳ್ಳುತ್ತಾರೆ, ಇಂಗ್ಲಿಷಿನವರ ಬಾಯಲ್ಲಿ ಅದು ಡಚ್ ಆಯಿತು. 1709ರಲ್ಲಿ ರೈನ್ ನದಿಯ ಪ್ಯಾಲಟಿನೇಟ್ ಸೀಮೆಯಿಂದ ಸಾವಿರಾರು ಜನ ಯುದ್ಧ, ಬಡತನ, ಭಯಂಕರ ಚಳಿ ತಾಳಲಾರದೆ ಲಂಡನ್‌ಗೆ ಬಂದರು. ಅವರಲ್ಲಿ ಸುಮಾರು 3000 ಜನರನ್ನು 1710ರಲ್ಲಿ ನ್ಯೂಯಾರ್ಕ್‌ಗೆ ಹಡಗು ಹತ್ತಿಸಿದರು. ಹಡ್ಸನ್ ನದಿ ದಂಡೆಯಲ್ಲಿ ಪೈನ್ ಮರದಿಂದ ನೌಕಾಪಡೆಗೆ ಡಾಂಬರು ತೆಗೆಯುವ ಕೆಲಸಕ್ಕೆ ಹಾಕಿದರು. ಆ ಕೆಲಸ ಕೈಗೂಡಲಿಲ್ಲ. ಜನ ಸ್ಕೋಹರಿ ಕಣಿವೆಗೆ, ಆಮೇಲೆ ಮೊಹಾಕ್ ಕಣಿವೆಗೆ ಹೋದರು. ಅವರ ಮೊಮ್ಮಕ್ಕಳಲ್ಲಿ ಬಹಳ ಮಂದಿ ಸರ್ ಜಾನ್ ಜಾನ್ಸನ್‌ರ ಕಿಂಗ್ಸ್ ರಾಯಲ್ ರೆಜಿಮೆಂಟ್ ಆಫ್ ನ್ಯೂಯಾರ್ಕ್, ಬಟ್ಲರ್ಸ್ ರೇಂಜರ್ಸ್, ಜೆಸಪ್‌ರ ಪಡೆ, ಹೀಗೆ ರಾಜನ ಪರ ಹೋರಾಡಿದ ಪಡೆಗಳನ್ನು ಸೇರಿದರು. ಹೆಸರು ಕೂಡ ಬದಲಾಗುತ್ತಾ ಹೋಯಿತು. ಶ್ಮಿಟ್ ಅನ್ನುವವರು ಸ್ಮಿತ್, ಮ್ಯೂಲರ್ ಅನ್ನುವವರು ಮಿಲ್ಲರ್, ಶ್ನೈಡರ್ ಅನ್ನುವವರು ಸ್ನೈಡರ್ ಆದರು. ಹಾಗಾಗಿ ಹುಡುಕುವಾಗ ಕಾಗುಣಿತವನ್ನು ನೆಚ್ಚಿಕೊಳ್ಳಬೇಡಿ, ಉಚ್ಚಾರ ಹಿಡಿದು ಹೋಗಿ.

ಇನ್ನೊಂದು, ಮೂವರು ಅಣ್ಣತಮ್ಮಂದಿರ ಕಥೆ ಉತ್ತರ ಅಮೆರಿಕದ ಅರ್ಧ ಮನೆತನಗಳಲ್ಲಿ ಇದೆ. ಸುಳ್ಳು ಅಂತ ಹೇಳುತ್ತಿಲ್ಲ. ಕಾಗದ ಸಿಗುವವರೆಗೆ ಪಕ್ಕಕ್ಕಿಡಿ.

ಬೆಲ್‌ವಿಲ್ ಸೊಸೆ:
ಡಚ್ ಅಲ್ಲ ಅಂತ ಅಜ್ಜಿಗೆ ಹೇಗೆ ಹೇಳಲಿ? ಇರಲಿ, ಹೇಳುತ್ತೇನೆ. ಅವರ ಪಡೆ ಜೆಸಪ್‌ರದ್ದೇ ಅಂತ ಮನೆಯಲ್ಲಿ ಮಾತಿದೆ.

ಹಳೇ ಕಡತ:
ಅರ್ನೆಸ್ಟ್‌ಟೌನ್ ಅಂದರೆ ಹೊಂದುತ್ತದೆ. ಆಗ ಕಿಂಗ್‌ಸ್ಟನ್ ಒಂದನೇ ಟೌನ್, ಅರ್ನೆಸ್ಟ್‌ಟೌನ್ ಎರಡನೇದು, ಫ್ರೆಡರಿಕ್ಸ್‌ಬರ್ಗ್ ಮೂರನೇದು, ಅಡಾಲ್ಫಸ್‌ಟೌನ್ ನಾಲ್ಕನೇದು. ಎರಡನೇ ಟೌನ್ ಜೆಸಪ್‌ರ ಸೈನಿಕರಿಗೆ ಹೋಯಿತು. ಹಳೆಯ ಕಾಗದದಲ್ಲಿ ಊರಿನ ಹೆಸರಿಲ್ಲದೆ ಬರೀ ನಂಬರ್ ಇದ್ದರೆ ಗಾಬರಿಯಾಗಬೇಡಿ.

ಮಂಡ್ಯದ ಮಗಳು:
ರಾಜನ ಪಕ್ಷ ಅಂದರೆ ಎಲ್ಲಾ ದೊಡ್ಡ ಜಮೀನ್ದಾರರೇ ಅಲ್ವಾ? ಅವರ ವಂಶಾವಳಿ ಸುಲಭವಾಗಿ ಸಿಗಬೇಕಿತ್ತು.

ಹಳೇ ಕಡತ:
ಇಲ್ಲ ಮಂಡ್ಯದವರೇ, ಇದು ಎಲ್ಲರೂ ತಪ್ಪಾಗಿ ತಿಳಿಯುವ ವಿಷಯ. ಒಂಟಾರಿಯೊಗೆ ಬಂದವರಲ್ಲಿ ಹೆಚ್ಚಿನವರು ಸಾದಾ ರೈತರು. ಜಾನ್ಸನ್ ಕುಟುಂಬದಂಥವರ ಜಮೀನಿನಲ್ಲಿ ಗೇಣಿ ಮಾಡುತ್ತಿದ್ದವರು. ಎಷ್ಟೋ ಮಂದಿಗೆ ಸಹಿ ಹಾಕಲೂ ಬರುತ್ತಿರಲಿಲ್ಲ, ಗುರುತು ಹಾಕಿದ್ದಾರೆ. ಸಾಮಾನ್ಯ ಸೈನಿಕನಿಗೆ ಮೊದಲು ಸಿಕ್ಕಿದ್ದು 100 ಎಕರೆ, ಮನೆಯ ಉಳಿದ ಒಬ್ಬೊಬ್ಬರಿಗೆ 50 ಎಕರೆ. ಎಕರೆ ಅಂದರೆ ಗದ್ದೆ ಅಂದುಕೊಳ್ಳಬೇಡಿ, ದಟ್ಟ ಕಾಡು. 1788ರ ಸುಮಾರಿಗೆ ಬೆಳೆ ಹೋಗಿ ಇಡೀ ಸೀಮೆಯೇ ಹಸಿದು ಕೂತಿತ್ತು.

ಗೋಕಾಕ ಹುಡುಗಿ:
ನಮ್ಮ ಕಡೆ ಈ ಕೆಲಸಕ್ಕೆ ಹೆಳವರು ಇದ್ದಾರೆ. ಎತ್ತಿನ ಮೇಲೆ ಕೂತು ಊರಿಗೆ ಬರುತ್ತಿದ್ದರು, ಮನೆ ಮುಂದೆ ನಿಂತು ನಮ್ಮ ಮುತ್ತಜ್ಜನ ಮುತ್ತಜ್ಜನವರೆಗೆ ಹೇಳುತ್ತಿದ್ದರು, ಯಾವ ಊರಿಂದ ಬಂದಿರಿ, ಯಾರಿಗೆ ಎಷ್ಟು ಮಕ್ಕಳು, ಎಲ್ಲಾ. ನನ್ನ ಅಮ್ಮ ಕಾಳು ಹಾಕಿ, ಹೊಸ ಮಗುವಿನ ಹೆಸರು ಬರೆಸುತ್ತಿದ್ದಳು. ನನ್ನ ಹೆಸರೂ ಹಾಗೇ ಸೇರಿದ್ದು. ನಿಮ್ಮ ಅಜ್ಜಿಯ ಆಸೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ ಅಕ್ಕ.

ಬೆಲ್‌ವಿಲ್ ಸೊಸೆ:
ಇದನ್ನು ಅಜ್ಜಿಗೆ ಓದಿ ಹೇಳಿದೆ. ಅವರ ಪುಸ್ತಕದಲ್ಲಿ ಹೆಣ್ಣುಮಕ್ಕಳ ಹೆಸರೂ ಇರುತ್ತದಾ ಅಂತ ಕೇಳಿದರು.

ಗೋಕಾಕ ಹುಡುಗಿ:
ನಮ್ಮ ಮನೆಯದರಲ್ಲಿ ಇದೆ. ಎಲ್ಲರ ಮನೆಯದರಲ್ಲೂ ಇದೆಯಾ ಅಂದರೆ ನಾನು ಹೇಳಲಾರೆ.

ಶೈಲಾ ವಂಶವೃಕ್ಷ:
ಈ ಪ್ರಶ್ನೆ ಇಲ್ಲಿ ಬಹಳ ಮುಖ್ಯ. 1789ರ ನವೆಂಬರ್ 9ರಂದು ಕ್ವಿಬೆಕ್‌ನಲ್ಲಿ ಆಗಿನ ಗವರ್ನರ್ ಲಾರ್ಡ್ ಡಾರ್ಚೆಸ್ಟರ್ ಒಂದು ಆದೇಶ ತಂದರು. 1783ರ ಒಪ್ಪಂದಕ್ಕೆ ಮೊದಲೇ ರಾಜನ ಕಡೆ ಸೇರಿದವರ ಮಕ್ಕಳಿಗೂ ಜಮೀನು ಕೊಡಬೇಕು ಅಂತ. ಗಂಡುಮಕ್ಕಳಿಗೆ 21 ತುಂಬಿದಾಗ 200 ಎಕರೆ. ಹೆಣ್ಣುಮಕ್ಕಳಿಗೂ 200, 21 ತುಂಬಿದಾಗ ಅಥವಾ ಮದುವೆಯಾದಾಗ. ಹೀಗಾಗಿ ಹೆಣ್ಣುಮಕ್ಕಳೂ ಅರ್ಜಿ ಹಾಕಿದ್ದಾರೆ. ಅದರಲ್ಲಿ ಏನಿರುತ್ತದೆ ಗೊತ್ತಾ? ತನ್ನ ಹೆಸರು, ಗಂಡನ ಹೆಸರು, ಊರು, ಅಪ್ಪನ ಹೆಸರು, ಅಪ್ಪ ಯು.ಇ., ಅಂದರೆ ಯುನೈಟೆಡ್ ಎಂಪೈರ್ ಲಾಯಲಿಸ್ಟ್, ಅನ್ನುವ ಮಾತು. ಒಂದೇ ಹಾಳೆಯಲ್ಲಿ ತವರೂ ಇದೆ, ಗಂಡನ ಮನೆಯೂ ಇದೆ. ಅಪ್ಪರ್ ಕೆನಡಾ (ಒಂಟಾರಿಯೊದ ಆಗಿನ ಹೆಸರು) ಜಮೀನು ಅರ್ಜಿಗಳು ಅಂತ ಒಟ್ಟು ಮಾಡಿರುವ ಈ ಕಾಗದಗಳು ಒಟಾವದ ಲೈಬ್ರರಿ ಅಂಡ್ ಆರ್ಕೈವ್ಸ್ ಕೆನಡಾದಲ್ಲಿವೆ. ಹೆಸರಿನ ಪಟ್ಟಿ ಉಚಿತ, ಮೈಕ್ರೋಫಿಲ್ಮ್ ಮನೆಯಲ್ಲೇ ಕೂತು ನೋಡಬಹುದು. 1812ರವರಿಗೆ ಸೋದರತ್ತೆಯರು, ಅಂದರೆ ಅಪ್ಪನ ಅಕ್ಕತಂಗಿಯರು, ಯಾರಾದರೂ ಇದ್ದರೆ ಅವರ ಅರ್ಜಿ ಹುಡುಕಿ. ಜನ ಬರೀ ಗಂಡಸರ ಹೆಸರು ಹುಡುಕಿ ಕೈಬಿಡುತ್ತಾರೆ.

ಟೊರಾಂಟೊ ರಘು:
ಅದಕ್ಕಿಂತ ಯು.ಇ. ಪಟ್ಟಿ ಅಂತಲೇ ಇದೆಯಲ್ವಾ? ಅದರಲ್ಲಿ ಹೆಸರು ಇದ್ದರೆ ಆಯಿತು.

ಶೈಲಾ ವಂಶವೃಕ್ಷ:
ಆಗುವುದಿಲ್ಲ ರಘು. ಪಟ್ಟಿಗಳು ಒಂದಕ್ಕಿಂತ ಜಾಸ್ತಿ ಇವೆ, ಒಂದರಲ್ಲಿ ಇರುವ ಹೆಸರು ಇನ್ನೊಂದರಲ್ಲಿ ಇಲ್ಲ. ಕೆಲವರನ್ನು ಆಮೇಲೆ ಹೊಡೆದುಹಾಕಿದ್ದಾರೆ. ಮೇಲಾಗಿ ಪಟ್ಟಿಯಲ್ಲಿರುವ ಆ ಮನುಷ್ಯ ನಿಮ್ಮವನೇ ಅಂತ ಪಟ್ಟಿ ಹೇಳುವುದಿಲ್ಲ. ಇವರ ಅರ್ಜಿ ವಾಪಸ್ ಬಂದಿದ್ದೂ ಅದಕ್ಕೇ. ಮೇಲಿನ ಹೆಸರಿನಿಂದ ಕೆಳಗೆ ಇಳಿದರೆ ಎಲ್ಲರೂ ತಮಗೆ ಬೇಕಾದವರನ್ನೇ ಕಾಣುತ್ತಾರೆ. ಅಜ್ಜಿಯಿಂದ ಮೇಲಕ್ಕೆ ಹತ್ತಬೇಕು, ಒಂದೊಂದು ತಲೆಮಾರಿಗೂ ಅಪ್ಪ ಮಗ ಅನ್ನುವ ಕಾಗದ ಬೇಕು.

ಟೊರಾಂಟೊ ರಘು:
ಒಂದು ಮಾತು ಕೇಳುತ್ತೇನೆ, ಬೇಜಾರಾಗಬೇಡಿ. ಒಂದೇ ಹೆಸರಿನ ಆ ಮೂವರೂ ಒಬ್ಬನೇ ಲಾಯಲಿಸ್ಟ್‌ನ ಮೊಮ್ಮಕ್ಕಳು ಆಗಿದ್ದರೆ, ಯಾರಾದರೇನು? ಹೇಗಿದ್ದರೂ ಅವರು ಅದೇ ವಂಶ ತಾನೇ?

ಹಳೇ ಕಡತ:
ಒಳ್ಳೆಯ ಪ್ರಶ್ನೆ. ಆದರೆ ಮೂವರೂ ಒಬ್ಬನ ಮೊಮ್ಮಕ್ಕಳು ಅನ್ನುವುದಕ್ಕೇ ಇನ್ನೂ ಸಾಕ್ಷಿ ಇಲ್ಲವಲ್ಲ. 1790ರ ನಂತರ ಗವರ್ನರ್ ಸಿಮ್‌ಕೋ ಜಮೀನು ಕೊಡುತ್ತೇವೆ ಅಂತ ಕರೆ ಕೊಟ್ಟಾಗ ಅಮೆರಿಕದಿಂದ ಬೇಕಾದಷ್ಟು ಜನ ಬಂದರು. ಅವರನ್ನು ತಡವಾದ ಲಾಯಲಿಸ್ಟ್‌ಗಳು ಅಂತ ಕರೆದರೂ ಅವರಿಗೆ ಯು.ಇ. ಹಕ್ಕು ಇಲ್ಲ. ಅದೇ ಮನೆತನದ ಹೆಸರಿನವನೊಬ್ಬ ಹಾಗೆ ಬಂದಿದ್ದರೆ? ಡಿಎನ್‌ಎ ಕೂಡ ಇಲ್ಲೇ ಸಿಕ್ಕಿಬೀಳುವುದು. ಸಂಬಂಧವೇ ಇಲ್ಲದವನನ್ನು ಅದು ಬೇರೆ ಮಾಡಬಹುದು. ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳಲ್ಲಿ ನಮ್ಮವರು ಯಾರು ಅಂತ ಆರೇಳು ತಲೆಮಾರು ಆದ ಮೇಲೆ ಬಿಡಿಸುವುದು ಬಹಳ ಕಷ್ಟ.

ಮಂಡ್ಯದ ಮಗಳು:
ಮೂವರಿಗೂ ಒಂದೇ ಹೆಸರು ಯಾಕೆ ಇಟ್ಟರು?

ಶೈಲಾ ವಂಶವೃಕ್ಷ:
ನಮ್ಮಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರು ಇಡುವುದಿಲ್ವಾ? ಹಾಗೇ. ಡಚ್ ಮತ್ತು ಜರ್ಮನ್ ಮನೆಗಳಲ್ಲಿ ದೊಡ್ಡ ಮಗನಿಗೆ ಅಪ್ಪನ ಅಪ್ಪನ ಹೆಸರು ಇಡುವ ಪದ್ಧತಿ ಇತ್ತು. ಅಣ್ಣತಮ್ಮಂದಿರು ಮೂವರೂ ತಮ್ಮ ದೊಡ್ಡ ಮಗನಿಗೆ ಒಂದೇ ಹೆಸರು ಇಡುತ್ತಾರೆ. ಹತ್ತಾರು ವರ್ಷದ ಅಂತರದಲ್ಲಿ ಎಲ್ಲರೂ ಒಂದೇ ಊರಲ್ಲಿ ಬೆಳೆಯುತ್ತಾರೆ.

ಹ್ಯಾಲಿಫ್ಯಾಕ್ಸ್ ಮಂಜು:
ಲಾಯಲಿಸ್ಟ್ ಅಂದರೆ ಒಂಟಾರಿಯೊ ಮಾತ್ರ ಅಂತ ಮಾತು ಹೋಗುತ್ತಿದೆ, ನನಗೆ ಸರಿ ಕಾಣುವುದಿಲ್ಲ. ಹೆಚ್ಚಿನವರು ಬಂದಿದ್ದು ಈ ಕಡೆಗೆ. 30,000ಕ್ಕೂ ಜಾಸ್ತಿ ಜನ ನೋವಾ ಸ್ಕೋಶಿಯಾ ಸೀಮೆಗೆ ಬಂದರು, ಅದಕ್ಕೇ 1784ರಲ್ಲಿ ನ್ಯೂ ಬ್ರನ್ಸ್‌ವಿಕ್ ಅನ್ನುವ ಬೇರೆ ಪ್ರಾಂತ್ಯವನ್ನೇ ಮಾಡಬೇಕಾಯಿತು. ಕರಿಯರನ್ನು ಕೂಡ ಮರೆಯಬಾರದು. ಮಾಲೀಕರನ್ನು ಬಿಟ್ಟು ಬ್ರಿಟಿಷರ ಕಡೆ ಬಂದರೆ ಬಿಡುಗಡೆ ಅಂತ ಮಾತು ಕೊಟ್ಟಿದ್ದರು. 1783ರಲ್ಲಿ ನ್ಯೂಯಾರ್ಕ್ ಖಾಲಿ ಮಾಡುವಾಗ ಜಾರ್ಜ್ ವಾಷಿಂಗ್ಟನ್ ಅವರನ್ನು ವಾಪಸ್ ಕೇಳಿದರೂ ಬ್ರಿಟಿಷ್ ಸೇನಾಪತಿ ಗೈ ಕಾರ್ಲ್‌ಟನ್ ಕೊಡಲಿಲ್ಲ. ಹಡಗು ಹತ್ತಿದ ಸುಮಾರು 3000 ಜನರ ಹೆಸರು, ವಯಸ್ಸು, ಹಿಂದಿನ ಮಾಲೀಕ, ಎಲ್ಲಿಂದ ಬಂದರು, ಯಾವ ಹಡಗು ಅಂತ ಬರೆಸಿದರು. ಬುಕ್ ಆಫ್ ನೀಗ್ರೋಸ್ ಅನ್ನುವುದು ಆ ದಾಖಲೆಯ ಆಗಿನ ಹೆಸರು. ಅವರ ವಂಶದವರು ಇಂದು ನೋವಾ ಸ್ಕೋಶಿಯಾದ ಬರ್ಚ್‌ಟೌನ್‌ನಲ್ಲಿ ನಿಂತು ಅದರಲ್ಲಿ ತಮ್ಮವರ ಹೆಸರು ಹುಡುಕುವುದನ್ನು ನಾನು ನೋಡಿದ್ದೇನೆ. ಅಲ್ಲಿಂದ ಹಿಂದಕ್ಕೆ ಹೋಗಲು ಅವರಿಗೆ ಬಹುತೇಕ ಕಾಗದವೇ ಇಲ್ಲ.

ಮಾತು ಕೊಟ್ಟ ಜಮೀನು ಅವರಲ್ಲಿ ಬಹಳ ಮಂದಿಗೆ ಸಿಗಲೇ ಇಲ್ಲ. ಬೇಸತ್ತು ಸುಮಾರು 1200 ಜನ 1792ರ ಜನವರಿಯಲ್ಲಿ 15 ಹಡಗುಗಳಲ್ಲಿ ಹ್ಯಾಲಿಫ್ಯಾಕ್ಸ್ ಬಿಟ್ಟು ಸಿಯೆರಾ ಲಿಯೋನ್‌ಗೆ ಹೋದರು.

ಶ್ರೀರಂಗಪಟ್ಟಣದವ:
ಮಂಜು ಸರ್, 1792 ಅಂದ ಕೂಡಲೇ ಮೈ ಜುಂ ಅಂತು. ಅದರ ಮುಂದಿನ ತಿಂಗಳು, ಫೆಬ್ರವರಿ 6ರ ರಾತ್ರಿ, ಲಾರ್ಡ್ ಕಾರ್ನ್‌ವಾಲಿಸ್ ನಮ್ಮೂರಿನ ಮೇಲೆ ಬಿದ್ದ. 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಸೋತು ಶರಣಾದವನು ಅವನೇ. ಅವನ ಸೋಲಿನಿಂದ ಅಲ್ಲಿ ಲಾಯಲಿಸ್ಟ್‌ಗಳು ಮನೆ ಕಳೆದುಕೊಂಡರು, ಇಲ್ಲಿ ಅವನು ಟಿಪ್ಪುವಿನ ಅರ್ಧ ರಾಜ್ಯ ಕಿತ್ತುಕೊಂಡು ಇಬ್ಬರು ಮಕ್ಕಳನ್ನು ಒತ್ತೆ ಇಟ್ಟುಕೊಂಡ.

ಮಂಡ್ಯದ ಮಗಳು:
ಅದು ಒಂದೇ ಕಾಲದ್ದು ಅಂತ ನನಗೆ ಹೊಳೆದೇ ಇರಲಿಲ್ಲ! ಪ್ಯಾರಿಸ್ ಒಪ್ಪಂದ 1783, ನಮ್ಮ ಮಂಗಳೂರು ಒಪ್ಪಂದ 1784ರ ಮಾರ್ಚ್.

ಟೊರಾಂಟೊ ರಘು:
ಮಂಜು ಹೇಳಿದ್ದು ಕೇಳಿ ನನಗೆ ಒಂದು ಅನುಮಾನ. ಇವರಲ್ಲಿ ಎಷ್ಟೋ ಮಂದಿ ಗುಲಾಮರನ್ನು ಜೊತೆಗೇ ಕರೆತಂದಿದ್ದರಲ್ವಾ? ಪ್ರಮಾಣಪತ್ರ ಗೋಡೆಗೆ ಹಾಕಿಕೊಳ್ಳುವುದು ಸರಿಯಾ?

ಹಳೇ ಕಡತ:
ತಂದಿದ್ದರು. ಮುಚ್ಚಿಡುವ ವಿಷಯ ಅಲ್ಲ. 1793ರಲ್ಲಿ ಅಪ್ಪರ್ ಕೆನಡಾದಲ್ಲಿ ಹೊಸದಾಗಿ ಗುಲಾಮರನ್ನು ತರಬಾರದು ಅಂತ ಕಾನೂನು ಬಂತು, ಆದರೆ ಆಗಲೇ ಇದ್ದವರಿಗೆ ಬಿಡುಗಡೆ ಸಿಗಲಿಲ್ಲ. ಪೂರ್ತಿ ಮುಗಿದಿದ್ದು 1834ರಲ್ಲಿ. ಜಮೀನಿನ ಮಾತೂ ಅಷ್ಟೇ. ಇವರಿಗೆ ಹಂಚಿದ ನೆಲ ಮಿಸಿಸಾಗ ಅನ್ನುವ ಮೂಲನಿವಾಸಿ ಜನರದ್ದು. 1783ರಲ್ಲಿ ಕ್ಯಾಪ್ಟನ್ ಕ್ರಾಫರ್ಡ್ ಬಟ್ಟೆ, ಬಂದೂಕು ಇಂಥವು ಕೊಟ್ಟು ತೆಗೆದುಕೊಂಡರು. ಮೂಲನಿವಾಸಿಗಳಾದ ಮೊಹಾಕ್ ಜನ ಕೂಡ ರಾಜನ ಪರ ಹೋರಾಡಿ ತಮ್ಮ ಕಣಿವೆ ಕಳೆದುಕೊಂಡವರೇ. 1784ರ ಮೇ 22ರಂದು ಕ್ಯಾಪ್ಟನ್ ಜಾನ್ ಡೆಸೆರಾಂಟಿಯನ್ ಜೊತೆ ಈಗಿನ ಟೈಯೆಂಡಿನೇಗದಲ್ಲಿ ದಡ ಹತ್ತಿದರು. ಬೆಲ್‌ವಿಲ್‌ನಿಂದ ಕೂಗಳತೆ ದೂರ.

ಬೆಲ್‌ವಿಲ್ ಸೊಸೆ:
ರಘು ಅವರೇ, ನೀವು ಕೇಳಿದ್ದನ್ನೇ ನನ್ನ ಗಂಡ ಅಜ್ಜಿಯ ಮುಂದೆಯೇ ಕೇಳಿದ್ದರು. ಅಜ್ಜಿ ಹೇಳಿದ್ದು, ಒಳ್ಳೆಯವರಾದರೂ ಕೆಟ್ಟವರಾದರೂ ಯಾರು ಅಂತ ಗೊತ್ತಾಗಲಿ, ಗೊತ್ತಾಗದೆ ನಾನು ಹೋಗಬಾರದು. ಅದಕ್ಕೆ ನಾನು ಈ ಕೆಲಸ ಬಿಡುತ್ತಿಲ್ಲ. ಚರ್ಚಿನ ದಾಖಲೆಯಲ್ಲಿ 1812ರ ದೀಕ್ಷಾಸ್ನಾನ ಸಿಗಬಹುದಾ? ಮನೆಯವರು ಮೆಥಡಿಸ್ಟ್.

ಶೈಲಾ ವಂಶವೃಕ್ಷ:
ಮೆಥಡಿಸ್ಟ್ ಅಂದರೆ ಕಷ್ಟ. ಅವರ ಪಾದ್ರಿಗಳು ಕುದುರೆ ಮೇಲೆ ಊರೂರು ಸುತ್ತುತ್ತಿದ್ದರು, ಪುಸ್ತಕ ಉಳಿದಿದ್ದು ಕಡಿಮೆ. 1831ರವರೆಗೆ ಅವರಿಗೆ ಮದುವೆ ಮಾಡಿಸುವ ಹಕ್ಕೂ ಇರಲಿಲ್ಲ. ಹಾಗಾಗಿ ಆಂಗ್ಲಿಕನ್ ಪಾದ್ರಿ ಜಾನ್ ಲ್ಯಾಂಗ್‌ಹಾರ್ನ್, ಪ್ರೆಸ್ಬಿಟೀರಿಯನ್ ಪಾದ್ರಿ ರಾಬರ್ಟ್ ಮೆಕ್‌ಡವೆಲ್ ಇವರ ಪುಸ್ತಕಗಳನ್ನೂ ನೋಡಿ. ಎರಡೂ ಅಚ್ಚಾಗಿವೆ. ಸರ್ಕಾರದ ಜನನ ಮರಣ ನೋಂದಣಿ ಒಂಟಾರಿಯೊದಲ್ಲಿ ಶುರುವಾಗಿದ್ದೇ 1869ರ ಜುಲೈನಲ್ಲಿ.

ಬೆಲ್‌ವಿಲ್ ಸೊಸೆ:
1812ರವರು ತೀರಿಕೊಂಡಿದ್ದು 1881. ಮರಣದ ನೋಂದಣಿ ಇದೆ, ಅಪ್ಪ ಅಮ್ಮನ ಹೆಸರೇ ಇಲ್ಲ!

ಶೈಲಾ ವಂಶವೃಕ್ಷ:
ಆಗಿನ ಮರಣದ ನಮೂನೆಯಲ್ಲಿ ಆ ಕಾಲಂ ಇರಲಿಲ್ಲ. ಮದುವೆಯ ನಮೂನೆಯಲ್ಲಿ ಇತ್ತು.

ಶಾನುಭೋಗರ ಮೊಮ್ಮಗ:
ನಾನು ಕೆನಡಾ ನೋಡಿಲ್ಲ, ಹಾಸನದಲ್ಲಿ ಕೂತು ಬರೆಯುತ್ತಿದ್ದೇನೆ. ಆದರೆ ಹೊಲದ ಕಾಗದದ ಜೊತೆ ಹುಟ್ಟಿ ಬೆಳೆದವನು. ನಮ್ಮಲ್ಲಿ ಒಂದೇ ಹೆಸರಿನ ಮೂವರು ರೈತರು ಇದ್ದರೆ ಹೆಸರು ಹಿಡಿದು ಹುಡುಕುವುದಿಲ್ಲ, ಸರ್ವೆ ನಂಬರ್ ಹಿಡಿಯುತ್ತೇವೆ. ಮನುಷ್ಯರು ಮೂವರು ಇರಬಹುದು, ಹೊಲ ಮೂರೂ ಬೇರೆ ಬೇರೆ. ಯಾವ ಹೊಲ ಯಾರಿಂದ ಯಾರಿಗೆ ಖಾತೆಯಾಯಿತು ಅಂತ ನೋಡಿದರೆ ಅಪ್ಪ ಮಗ ತಾನಾಗೇ ಹೊರಗೆ ಬರುತ್ತಾರೆ. ಅಲ್ಲೂ ನಂಬರ್ ಇರಬೇಕಲ್ಲ ಅಕ್ಕ. 1812ರವರು ಸಾಯುವಾಗ ಯಾವ ನಂಬರಿನ ಹೊಲದಲ್ಲಿದ್ದರು? ಅಲ್ಲಿಂದ ಹಿಂದಕ್ಕೆ ಹೋಗಿ.

ಹಳೇ ಕಡತ:
ಶಾನುಭೋಗರ ಮೊಮ್ಮಗ ಸರಿಯಾದ ಜಾಗಕ್ಕೆ ಕೈ ಹಾಕಿದರು. ಇಷ್ಟು ಹೊತ್ತು ನಾವೆಲ್ಲ ಇದನ್ನು ಬಿಟ್ಟಿದ್ದೆವು. ಇಲ್ಲಿ ಅದನ್ನು ಕನ್ಸೆಷನ್ ಮತ್ತು ಲಾಟ್ ನಂಬರ್ ಅನ್ನುತ್ತಾರೆ. ಕನ್ಸೆಷನ್ ಅಂದರೆ ಹೊಲಗಳ ಒಂದು ಸಾಲು, ಲಾಟ್ ಅಂದರೆ ಆ ಸಾಲಿನ ಒಂದು ತುಂಡು. 1784ರ ಸುಮಾರಿಗೆ ಅಳೆದಾಗ ಕೊಟ್ಟ ನಂಬರೇ ಇಂದಿಗೂ ನಡೆಯುತ್ತಿದೆ. ಬೆಲ್‌ವಿಲ್‌ನವರೇ, ಹೀಗೆ ಮಾಡಿ. ಮೊದಲು 1878ರ ಫ್ರಾಂಟೆನಾಕ್, ಲೆನಾಕ್ಸ್, ಆಡಿಂಗ್ಟನ್ ಕೌಂಟಿಗಳ ಅಟ್ಲಾಸ್ ನೋಡಿ. ಅದರ ನಕ್ಷೆಯಲ್ಲಿ ಒಂದೊಂದು ಲಾಟ್ ಮೇಲೂ ಆಗಿನ ಮಾಲೀಕರ ಹೆಸರು ಬರೆದಿದೆ. ನಿಮ್ಮವರು 1881ರವರೆಗೆ ಬದುಕಿದ್ದರಿಂದ ಸಿಗಬೇಕು. ನಂಬರ್ ಸಿಕ್ಕ ಮೇಲೆ ಒಂಟಾರಿಯೊದ ಜಮೀನು ದಾಖಲೆಗಳಿರುವ ಆನ್‌ಲ್ಯಾಂಡ್ ಜಾಲತಾಣದಲ್ಲಿ ಆ ಲಾಟ್‌ನ ಹಳೇ ಪುಟ ತೆರೆಯಿರಿ. ನಮ್ಮ ಋಣಭಾರ ಪತ್ರದ ಹಾಗೆ ಇರುತ್ತದೆ, ಸರ್ಕಾರ ಕೊಟ್ಟ ದಿನದಿಂದ ಯಾರು ಯಾರಿಗೆ ಬರೆದುಕೊಟ್ಟರು ಅಂತ ಸಾಲಾಗಿ. ಅದರಲ್ಲಿ ಪತ್ರದ ನಂಬರ್ ಇರುತ್ತದೆ. ಆ ಪತ್ರದ ಪ್ರತಿ ತೆಗೆಸಿ. ಬರೀ ಸಾಲು ಓದಿ ನಿಲ್ಲಿಸಬೇಡಿ, ಸಂಬಂಧ ಬರೆದಿರುವುದು ಪತ್ರದ ಒಳಗೆ. ನಾಪನಿಯಲ್ಲಿರುವ ಲೆನಾಕ್ಸ್ ಅಂಡ್ ಆಡಿಂಗ್ಟನ್ ಆರ್ಕೈವ್ಸ್‌ಗೂ ಒಮ್ಮೆ ಹೋಗಿ ಬನ್ನಿ, ಹತ್ತಿರವೇ ಇದೆ.

ಗೋಕಾಕ ಹುಡುಗಿ:
ಅಕ್ಕ ಹೋಗಿ ಬಂದ ಮೇಲೆ ತಪ್ಪದೆ ಹೇಳಿ. ನಾನು ಕಾಯುತ್ತಿರುತ್ತೇನೆ.

ಬೆಲ್‌ವಿಲ್ ಸೊಸೆ:
ಮೂರು ವಾರ ಆಯಿತು, ಕ್ಷಮಿಸಿ. ಸಿಕ್ಕಿತು!!

ಅಟ್ಲಾಸ್‌ನಲ್ಲಿ ಅದೇ ಹೆಸರು ಎರಡು ಕಡೆ ಇತ್ತು, ಒಂದು ಲಾಟ್‌ನ ಪೂರ್ವಾರ್ಧ, ಇನ್ನೊಂದು ಬಹಳ ಉತ್ತರಕ್ಕೆ. ಹಳೆಯ ಜನಗಣತಿಯಲ್ಲಿ ನಮ್ಮವರ ಪಕ್ಕದ ಮನೆಗಳು ಯಾವುವು ಅಂತ ನೋಡಿ, ಅಟ್ಲಾಸ್ ಜೊತೆ ಹೋಲಿಸಿದರೆ ನಮ್ಮದು ಪೂರ್ವಾರ್ಧ. ಆ ಲಾಟ್‌ನ ಪುಟದಲ್ಲಿ 1838ರ ಒಂದು ಪತ್ರ, ಕೊಟ್ಟವರದ್ದೂ ತೆಗೆದುಕೊಂಡವರದ್ದೂ ಒಂದೇ ಮನೆತನದ ಹೆಸರು. ಪ್ರತಿ ತೆಗೆಸಿದೆವು. ಅದರಲ್ಲಿ ಬರೆದಿದೆ, ತನ್ನ ಮಗನ ಮೇಲಿನ ಸಹಜ ಪ್ರೀತಿ ವಾತ್ಸಲ್ಯಕ್ಕಾಗಿ ಮತ್ತು 5 ಶಿಲ್ಲಿಂಗ್‌ಗೆ ಪೂರ್ವಾರ್ಧ ಕೊಟ್ಟಿದ್ದೇನೆ ಅಂತ. ಮಗ! ಆ ಪದ ಓದಿ ನಾನು ಅಲ್ಲೇ ಕೂತುಬಿಟ್ಟೆ. ಕೊಟ್ಟ ಅಪ್ಪ 1807ರಲ್ಲಿ ಲಾಯಲಿಸ್ಟ್‌ನ ಮಗ ಅಂತ 200 ಎಕರೆಗೆ ಅರ್ಜಿ ಹಾಕಿದ್ದಾರೆ, ಅದೂ ಸಿಕ್ಕಿತು. ಶೈಲಾ ಮೇಡಂ ಹೇಳಿದ ಹಾಗೆ ಅವರ ತಂಗಿಯ ಅರ್ಜಿಯೂ ಇದೆ, ಅಪ್ಪನ ಹೆಸರು, ಊರು, ಯು.ಇ. ಎಲ್ಲಾ ಹೊಂದುತ್ತದೆ. ವಂಶವೃಕ್ಷದಲ್ಲಿ ಬೇರೆಯವರು ಹಾಕಿದ್ದ ಅಪ್ಪ ತಪ್ಪು, ಅವರು ದೊಡ್ಡಪ್ಪ.

ಶಾನುಭೋಗರ ಮೊಮ್ಮಗ:
ದಾನಪತ್ರ! ನಮ್ಮಲ್ಲೂ ಹೀಗೇ ಬರೆಯುತ್ತಾರೆ ಅಕ್ಕ, ಪ್ರೀತಿ ವಿಶ್ವಾಸದಿಂದ ಕೊಟ್ಟಿದ್ದೇನೆ ಅಂತ. ಬಹಳ ಖುಷಿಯಾಯಿತು.

ಟೊರಾಂಟೊ ರಘು:
ಡಿಎನ್‌ಎ ಮಾತು ವಾಪಸ್ ತೆಗೆದುಕೊಂಡೆ. ಅಜ್ಜಿ ಏನಂದರು?

ಬೆಲ್‌ವಿಲ್ ಸೊಸೆ:
ಪತ್ರವನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ ಕೊಟ್ಟೆ. ಎರಡು ಸಲ ಜೋರಾಗಿ ಓದಿದರು. ಆಮೇಲೆ ಕೇಳಿದ್ದು, ಇವರ ಅಮ್ಮ ಯಾರು, ಮೊದಲು ಬಂದ ಲಾಯಲಿಸ್ಟ್‌ನ ಹೆಂಡತಿ? ಅವರ ತವರಿನ ಹೆಸರು ಎಲ್ಲೂ ಇಲ್ಲ. ಅರ್ಜಿ ಮತ್ತೆ ಕಳಿಸಿದ್ದೇವೆ, ಈಗ ಇದು ಶುರುವಾಗಿದೆ.

ಹಳೇ ಕಡತ:
ಅವರು ಮೊಹಾಕ್ ಕಣಿವೆಯವರಾದರೆ ದಾರಿ ಇದೆ. ಸ್ಕೋಹರಿ, ಸ್ಟೋನ್ ಅರೇಬಿಯಾ ಚರ್ಚುಗಳ ದೀಕ್ಷಾಸ್ನಾನದ ಪುಸ್ತಕ ನೋಡಿ. ಡಚ್ ರಿಫಾರ್ಮ್ಡ್ ಪದ್ಧತಿಯಲ್ಲಿ ತಾಯಿಯ ಹೆಸರನ್ನು ತವರಿನ ಹೆಸರಿನ ಜೊತೆಗೇ ಬರೆಯುತ್ತಿದ್ದರು. ಮಗುವಿಗೆ ಸಾಕ್ಷಿ ನಿಂತವರ ಹೆಸರೂ ಬರೆದುಕೊಳ್ಳಿ, ಹೆಚ್ಚಾಗಿ ಅಜ್ಜ ಅಜ್ಜಿ, ಸೋದರಮಾವ ಇಂಥವರೇ ಇರುತ್ತಾರೆ. ಯುದ್ಧಕ್ಕೆ ಮೊದಲು ಹುಟ್ಟಿದ ಮಕ್ಕಳು ಯಾರಾದರೂ ಇದ್ದಾರಾ?

ಬೆಲ್‌ವಿಲ್ ಸೊಸೆ:
ಒಬ್ಬಳು ಮಗಳು ಇದ್ದಾಳೆ, 1775ರ ಸುಮಾರಿನವಳು. ಇವತ್ತು ರಾತ್ರಿಯೇ ಹುಡುಕುತ್ತೇನೆ.